ಹದಿನೇಳನೇ ನಂಬರಿನ ರಕ್ತ

ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಡಾಕ್ಟರುಗಳಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರಿಗೂ ಅವಳು ಲ್ಯಾಬಕ್ಕ. ನೆಲಮಾಳಿಗೆಯಲ್ಲಿ, ಕಿಟಕಿ ಅನ್ನುವುದು ಹೆಸರಿಗಷ್ಟೇ ಇದ್ದ ಒಂದು ಉದ್ದನೆಯ ಕೋಣೆಯಲ್ಲಿ ಅವಳ ಹದಿನಾಲ್ಕು ವರ್ಷ ಕಳೆದಿತ್ತು. ರಕ್ತದ ಕೊಳವೆಗಳನ್ನು ಗಿರಗಿರನೆ ತಿರುಗಿಸುವ ಯಂತ್ರ ಒಂದು ಮೂಲೆಯಲ್ಲಿ. ಆ ರಕ್ತದ ತಿಳಿಯನ್ನು ಹೀರಿ, ಸಕ್ಕರೆ ಎಷ್ಟು, ಕೊಬ್ಬು ಎಷ್ಟು, ಉರಿಯೂತ ಎಷ್ಟು ಅಂತ ಚೀಟಿ ಕೊಡುವ ದೊಡ್ಡ ಯಂತ್ರ ಇನ್ನೊಂದು ಮೂಲೆಯಲ್ಲಿ. ಏನು ಕೊಟ್ಟರೂ ಗೊಣಗಿಕೊಂಡೇ ಕೆಲಸ ಮಾಡುತ್ತಿದ್ದುದರಿಂದ ಆ ದೊಡ್ಡ ಯಂತ್ರಕ್ಕೆ ಲ್ಯಾಬಿನವರು 'ಅತ್ತೆ' ಅಂತ ಹೆಸರಿಟ್ಟಿದ್ದರು. ವಾರ್ಡಿನಿಂದ ಯಾರಾದರೂ ಫೋನು ಮಾಡಿ ರಿಪೋರ್ಟು ಯಾಕೆ ತಡ ಅಂತ ಕೇಳಿದರೆ, "ಅತ್ತೆ ಮುನಿಸ್ಕೊಂಡಿದ್ದಾರೆ, ಸ್ವಲ್ಪ ಸಮಾಧಾನ ಮಾಡಿ ಕಳಿಸ್ತೀನಿ" ಅನ್ನುತ್ತಿದ್ದಳು ಲ್ಯಾಬಕ್ಕ.

ಅವಳು ಆ ಕೋಣೆಗೆ ಮೊದಲು ಬಂದದ್ದು ಗಾಜಿನ ಕೊಳವೆ ತೊಳೆಯುವ ಕೆಲಸಕ್ಕೆ. ಅಲ್ಲಿಂದ ಅವಳನ್ನು ಮೇಲೆತ್ತಿದವರು ಚರ್ಮರೋಗ ವಿಭಾಗದ ಡಾಕ್ಟರಮ್ಮ. ಎಲ್ಲರಿಗೂ ಅವರು ಮೇಡಂ. ಕೊಳವೆ ತೊಳೆಯುವ ಹುಡುಗಿ ಬಿಡುವಿದ್ದಾಗ ಹಳೆಯ ರಿಪೋರ್ಟುಗಳನ್ನು ಓದುತ್ತಾ ಕೂತಿರುವುದನ್ನು ಕಂಡು, ಓದುತ್ತೀಯಾ ಅಂತ ಕೇಳಿ, ಡಿಪ್ಲೊಮಾಗೆ ಸೇರಿಸಿದ್ದರು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಡುವುದನ್ನು ಪಕ್ಕದಲ್ಲಿ ನಿಂತು ಕಲಿಸಿದ್ದರು. ಒಮ್ಮೆ ಯಾರದೋ ರಕ್ತದ ಗುಂಪು ಅದಲುಬದಲಾಗಿ, ತಪ್ಪೆಲ್ಲ ಇವಳ ತಲೆಗೆ ಕಟ್ಟಲು ಹೊರಟಾಗ, ಮೇಡಂ ಎದ್ದುನಿಂತು "ಆ ಹುಡುಗಿ ಬರೆದಿಟ್ಟಿದ್ದು ಸರಿಯಾಗೇ ಇದೆ, ನೀವು ಓದಿದ್ದು ತಪ್ಪು" ಅಂದಿದ್ದರು. ಅವತ್ತಿನಿಂದ ಮೇಡಂ ಹೇಳಿದ ಮಾತೆಂದರೆ ಅವಳಿಗೆ ಮುಗಿಯಿತು. ಅದರಾಚೆ ಯೋಚಿಸುವ ಅಭ್ಯಾಸವೇ ಅವಳಿಗೆ ತಪ್ಪಿಹೋಗಿತ್ತು.

ಒಂದೂವರೆ ವರ್ಷದ ಹಿಂದೆ ಮೇಡಂ ಒಂದು ಅಧ್ಯಯನ ಶುರು ಮಾಡಿದರು. ಸೋರಿಯಾಸಿಸ್ ಇರುವ ಅರವತ್ತು ಜನರನ್ನು ಆರಿಸಿ, ಎರಡು ತಿಂಗಳಿಗೊಮ್ಮೆ ರಕ್ತ ತೆಗೆದು, ರೋಗ ಹಳೆಯದಾಗುತ್ತಾ ಹೋದಂತೆ ರಕ್ತದಲ್ಲಿ ಏನೇನು ಬದಲಾಗುತ್ತದೆ ಅಂತ ನೋಡುವುದು. ಮೈಮೇಲಿನ ಹುರುಪೆ ಮೈಮೇಲಷ್ಟೇ ಇರುವುದಿಲ್ಲ, ಒಳಗೂ ಬೆಂಕಿ ಹೊಗೆಯಾಡುತ್ತಿರುತ್ತದೆ, ಅದು ಸಕ್ಕರೆಯನ್ನೂ ಕೊಬ್ಬನ್ನೂ ಕೆಡಿಸುತ್ತದೆ, ಚರ್ಮದ ಡಾಕ್ಟರುಗಳು ಮುಲಾಮು ಬರೆದು ಕೈತೊಳೆದುಕೊಳ್ಳಬಾರದು ಅನ್ನುವುದು ಮೇಡಂ ವಾದ.

"ನಿನಗೆ ಗೊತ್ತಿರೋರು ಯಾರಾದ್ರೂ ಇದ್ರೆ ಕರ್ಕೊಂಡು ಬಾಮ್ಮ" ಅಂದಿದ್ದರು.

ಇದ್ದ. ಅವಳ ಸ್ವಂತ ಅಣ್ಣನೇ ಇದ್ದ.

ಅಣ್ಣನದು ಕನ್ನಡಕದ ಅಂಗಡಿ. ಎರಡು ರಸ್ತೆ ಕೂಡುವ ಜಾಗದಲ್ಲಿ, ಔಷಧಿ ಅಂಗಡಿಗೆ ಅಂಟಿಕೊಂಡಿದ್ದ ಸಣ್ಣ ಮಳಿಗೆ. ಗಾಜನ್ನು ಚೌಕಟ್ಟಿಗೆ ತಕ್ಕಂತೆ ಉಜ್ಜಿ ಕೂರಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ಹತ್ತು ವರ್ಷದ ಹಿಂದೆ ಮೊಣಕೈಯಲ್ಲಿ ಶುರುವಾದ ಬಿಳಿ ಹುರುಪೆ ಮೆಲ್ಲಗೆ ಇಳಿದು ಬೆರಳಿನ ಗಂಟುಗಳಿಗೆ ಬಂತು. ಒಮ್ಮೆ ಒಬ್ಬಾಕೆಯ ಕಿವಿಯ ಹಿಂದೆ ಕನ್ನಡಕದ ಕಡ್ಡಿ ಸರಿಪಡಿಸುತ್ತಿದ್ದಾಗ, ಅವಳು ಮುಖ ಹಿಂದಕ್ಕೆ ಎಳೆದುಕೊಂಡು ಕರ್ಚೀಫಿನಿಂದ ಕೆನ್ನೆ ಒರೆಸಿಕೊಂಡಳು. ಅವನು ಮಾರನೆ ದಿನದಿಂದ ಕನ್ನಡಕವನ್ನು ಬಟ್ಟೆಯ ಮೇಲಿಟ್ಟು, ಕನ್ನಡಿ ಮುಂದೆ ತಳ್ಳಿ, "ನೀವೇ ಹಾಕ್ಕೊಂಡು ನೋಡಿ" ಅನ್ನತೊಡಗಿದ. ಎಂಥ ಸೆಕೆಯಲ್ಲೂ ಅವನದು ತುಂಬುತೋಳಿನ ಅಂಗಿ. ಆಸ್ಪತ್ರೆ ಅಂದರೆ ಮಾತ್ರ ಅವನಿಗೆ ಆಗುತ್ತಿರಲಿಲ್ಲ. ಡಾಂಬರಿನ ವಾಸನೆಯ ಮುಲಾಮು ಹಚ್ಚಿ ಹಚ್ಚಿ ಸಾಕಾಗಿಹೋಗಿತ್ತು.

"ಸುಮ್ಮನೆ ರಕ್ತ ಕೊಟ್ಟು ಬರೋದಣ್ಣ. ಮುಲಾಮು, ಮಾತ್ರೆ ಎಲ್ಲ ಅವರೇ ನೋಡ್ಕೋತಾರೆ. ನಾನಿದ್ದೀನಲ್ಲ" ಅಂತ ಅವಳು ಒಪ್ಪಿಸಿದ್ದಳು. ಒಪ್ಪಿಗೆ ಪತ್ರವನ್ನು ಅವಳೇ ಓದಿ ಹೇಳಿದ್ದಳು. ರಕ್ತದಲ್ಲಿ ಆತಂಕದ ಬದಲಾವಣೆ ಏನೇ ಕಂಡರೂ ತಕ್ಷಣ ತಿಳಿಸಲಾಗುವುದು ಅಂತ ಅದರಲ್ಲಿ ಅಚ್ಚಾಗಿತ್ತು. ಅಣ್ಣ ಸಹಿ ಹಾಕಿದ.

ಅಧ್ಯಯನಕ್ಕೆ ಒಂದು ಕಟ್ಟಳೆಯಿತ್ತು. ರಕ್ತ ತೆಗೆಯುವುದು ಮೇಲಿನ ಮಹಡಿಯಲ್ಲಿ, ನರ್ಸು. ಲ್ಯಾಬಿಗೆ ಬರುವ ಕೊಳವೆಗಳ ಮೇಲೆ ಬರೀ ನಂಬರು. ಯಾವ ನಂಬರು ಯಾರು ಅನ್ನುವ ಪಟ್ಟಿ ಮೇಡಂ ಹತ್ತಿರ. ಅಳೆಯುವವರಿಗೆ ಆಳು ಗೊತ್ತಿರಬಾರದು, ಗೊತ್ತಿದ್ದರೆ ಕೈ ಒಂದು ಕಡೆ ವಾಲುತ್ತದೆ ಅಂತ.

ಅಣ್ಣನಿಗೆ ಇದು ತಮಾಷೆ. "ನನ್ನ ನಂಬರ್ ಹೇಳಿಬಿಡ್ಲಾ?" ಅಂತ ಊಟಕ್ಕೆ ಕೂತಾಗೆಲ್ಲ ಕೆಣಕುತ್ತಿದ್ದ.

"ಬಾಯಿ ಮುಚ್ಚಣ್ಣ. ಹೇಳಿದ್ರೆ ನಾನು ಅದನ್ನ ಅಳೆಯೋ ಹಾಗಿಲ್ಲ" ಅಂತ ಅವಳು ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅತ್ತಿಗೆ ನಗುತ್ತಿದ್ದಳು.

ಮೊದಲ ಮೂರು ಸಲ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ನಾಲ್ಕನೆಯ ಸಲ ಹದಿನೇಳನೇ ನಂಬರಿನ ಖಾಲಿ ಹೊಟ್ಟೆಯ ಸಕ್ಕರೆ ನೂರಾ ನಲವತ್ತೊಂದು ಬಂತು. ಕೊಬ್ಬೂ ಏರಿತ್ತು. ಅವಳು ಇನ್ನೊಮ್ಮೆ ಯಂತ್ರಕ್ಕಿಟ್ಟಳು. ಅದೇ ಬಂತು. ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ರಿಜಿಸ್ಟರು ಹಿಡಿದುಕೊಂಡು ಮೆಟ್ಟಿಲು ಹತ್ತಿದಳು.

"ಮೇಡಂ, ಹದಿನೇಳಕ್ಕೆ ಸಕ್ಕರೆ ಶುರುವಾಗಿರೋ ಹಾಗಿದೆ."

ಮೇಡಂ ಕನ್ನಡಕ ಏರಿಸಿ ನೋಡಿದರು. "ಒಳ್ಳೇದಾಯ್ತು ತಂದಿದ್ದು. ನಾನು ಅವರಿಗೆ ತಿಳಿಸ್ತೀನಿ." ರಿಜಿಸ್ಟರಿನ ಕೊನೆಯ ಅಂಕಣದಲ್ಲಿ 'ರೋಗಿಗೆ ತಿಳಿಸಲಾಗಿದೆ' ಅಂತ ಬರೆದು ಸಣ್ಣ ಸಹಿ ಹಾಕಿದರು.

ಐದನೆಯ ಸಲ ನೂರಾ ಎಪ್ಪತ್ತೆರಡು. ಆರನೆಯ ಸಲ ಇನ್ನೂರಾ ಹದಿನೆಂಟು. ಏಳನೆಯ ಸಲ ಇನ್ನೂರಾ ಅರವತ್ತು ದಾಟಿತು. ಪ್ರತಿ ಸಲವೂ ಅವಳು ಸುತ್ತು ಹಾಕಿದಳು, ಮೆಟ್ಟಿಲು ಹತ್ತಿದಳು, ಮೇಡಂ ಸಹಿ ಹಾಕಿದರು. ಒಮ್ಮೆ "ಮಾತ್ರೆ ತಗೋತಾ ಇದ್ದಾರಂತಾ ಮೇಡಂ?" ಅಂತ ಕೇಳಿದ್ದಳು. "ಹೇಳಿದ್ದೀನಲ್ಲಮ್ಮ. ಕೇಳೋದು ಬಿಡೋದು ಅವರಿಗೆ ಬಿಟ್ಟಿದ್ದು" ಅಂದಿದ್ದರು ಮೇಡಂ.

ಕೆಳಗಿಳಿದು ಬಂದು ಅವಳು ಜೊತೆಯ ಕೆಲಸದವಳಿಗೆ ಹೇಳಿದ್ದಳು: "ಹದಿನೇಳು ಈ ಸಲವೂ ಬಾಯಿ ಕಟ್ಟಿಲ್ಲ ನೋಡು. ಡಾಕ್ಟರು ಹೇಳಿದ್ರೂ ಕಿವಿಗೆ ಹಾಕ್ಕೊಳ್ಳಲ್ಲ ಜನ. ದೇವರೇ ಬಂದು ಹೇಳಬೇಕೇನೋ." ಇಬ್ಬರೂ ನಕ್ಕಿದ್ದರು.

ಏಳನೆಯ ಸಲದ ರಕ್ತ ಕೊಟ್ಟು ಮೂರು ವಾರ ಆಗಿರಬಹುದು. ರಜೆಯ ದಿನ ಮಧ್ಯಾಹ್ನ ಅವಳು ತನ್ನ ಕನ್ನಡಕದ ಸಡಿಲವಾದ ತಿರುಪು ಬಿಗಿಸಿಕೊಳ್ಳಲು ಅಣ್ಣನ ಅಂಗಡಿಗೆ ಹೋದಳು. ಅಣ್ಣ ಬಡವಾಗಿದ್ದ. ಹೊಟ್ಟೆ ಕರಗಿದೆ, ಮದುವೆ ಗಂಡಿನ ಹಾಗಾಗಿದ್ದಾರೆ ಅಂತ ಅತ್ತಿಗೆ ಫೋನಿನಲ್ಲಿ ಹೇಳಿದ್ದಳು. ಎದುರಿಗೆ ಕಂಡಾಗ ಆ ಮಾತು ಅವಳಿಗೆ ಸರಿಕಾಣಲಿಲ್ಲ. ಕೆನ್ನೆ ಒಳಗೆ ಹೋಗಿತ್ತು. ಮೇಜಿನ ಕೆಳಗೆ ದೊಡ್ಡ ನೀರಿನ ಬಾಟಲಿ, ಅದರ ಪಕ್ಕ ಇನ್ನೊಂದು, ಎರಡೂ ಖಾಲಿ.

ಅಣ್ಣ ತಿರುಪಿನ ತಲೆಗೆ ಸ್ಕ್ರೂಡ್ರೈವರ್ ಇಡಲು ನೋಡಿದ. ತಪ್ಪಿತು. ಮತ್ತೆ ಇಟ್ಟ. ಮತ್ತೆ ತಪ್ಪಿತು.

"ಈ ಕನ್ನಡಕಾನೂ ಸರಿಹೋಗ್ತಿಲ್ಲ ಕಣೇ" ಅಂದ. "ವರ್ಷದಲ್ಲಿ ಮೂರು ಸಲ ನನ್ನ ಗಾಜು ನಾನೇ ಬದಲಾಯಿಸಿದೆ. ಹೋದ ತಿಂಗಳು ದೂರದ್ದೆಲ್ಲ ಮಂಜು. ಈಗ ಹತ್ತಿರದ್ದು. ಊರಿಗೆಲ್ಲ ಕಣ್ಣು ಕೊಡೋನು ನಾನು, ನನ್ನ ನಂಬರೇ ನನಗೆ ಸಿಕ್ತಾ ಇಲ್ಲ."

ರಕ್ತದಲ್ಲಿ ಸಕ್ಕರೆ ಏರಿಳಿದರೆ ಕಣ್ಣಿನ ಪವರು ಹೀಗೆ ಅತ್ತಿತ್ತ ಓಡುತ್ತದೆ ಅನ್ನುವುದು ಅವಳಿಗೆ ಗೊತ್ತಿತ್ತು.

"ಸಕ್ಕರೆ ನೋಡಿಸಿದ್ಯಾ ಅಣ್ಣ?"

"ಎರಡು ತಿಂಗಳಿಗೊಮ್ಮೆ ನಿಮ್ಮಲ್ಲೇ ರಕ್ತ ಕೊಡ್ತೀನಲ್ಲ. ಇದ್ದಿದ್ರೆ ಹೇಳ್ತಿರ್ಲಿಲ್ವಾ?"

ಅವಳು ಪಕ್ಕದ ಔಷಧಿ ಅಂಗಡಿಗೆ ಹೋಗಿ, ಬೆರಳು ಚುಚ್ಚಿ ಸಕ್ಕರೆ ನೋಡುವ ಸಣ್ಣ ಯಂತ್ರ ಕೇಳಿ ತಂದಳು. ಅಣ್ಣ ಕೈ ಹಿಂದಕ್ಕೆಳೆದುಕೊಂಡ. ತಂಗಿಗೂ ಆ ಬೆರಳುಗಳನ್ನು ತೋರಿಸಲು ನಾಚಿಕೆ. ಅವಳು ಕೈ ಹಿಡಿದು, ಕಿರುಬೆರಳಿನ ತುದಿಯಲ್ಲಿ ಹುರುಪೆಯಿಲ್ಲದ ಜಾಗ ಹುಡುಕಿ ಚುಚ್ಚಿದಳು. ಮುನ್ನೂರಾ ಎಂಬತ್ತಾರು.

"ಎಷ್ಟು ಬಂತು?"

"ಅಣ್ಣ, ನಿನ್ನ ನಂಬರ್ ಎಷ್ಟು?"

ಅವನು ನಕ್ಕ. "ಹೇಳಬಾರದು ಅಂತ ನೀನೇ ತಾನೇ..."

"ಹೇಳು."

"ಹದಿನೇಳು."

ಕೈಯಲ್ಲಿದ್ದ ಯಂತ್ರವನ್ನು ಅವಳು ಮೆಲ್ಲಗೆ ಗಾಜಿನ ಕಪಾಟಿನ ಮೇಲಿಟ್ಟಳು. ಆಮೇಲೆ ಯಾಕೆ ಹೊಳೆಯಿತೋ, "ಕಾಲು ತೋರ್ಸು" ಅಂದಳು. ಅಣ್ಣ ಬೇಡ ಅಂದ. ಅವಳೇ ಕೆಳಗೆ ಕೂತು ಕಾಲುಚೀಲ ಎಳೆದಳು. ಎಡಗಾಲಿನ ಅಂಚಿನಲ್ಲಿ ಚರ್ಮ ಸೀಳಿ, ಕಿರುಬೆರಳು ಊದಿಕೊಂಡು, ಬುಡದಲ್ಲಿ ಕಪ್ಪು ತಿರುಗಿತ್ತು.

"ಇದೂ ಅದೇ ಕಾಯಿಲೆ ಅಂದ್ಕೊಂಡೆ" ಅಂದ ಅಣ್ಣ. "ನೋವೇನೂ ಇಲ್ಲ."

ಸಕ್ಕರೆ ಏರಿದರೆ ಕಾಲಿನ ನರ ಮರಗಟ್ಟುತ್ತದೆ. ನೋವಿಲ್ಲ ಅಂದದ್ದೇ ಅವಳಿಗೆ ಹೆಚ್ಚು ಹೆದರಿಕೆ ತಂದಿತು. ಅಂಗಡಿಯ ಬಾಗಿಲು ಎಳೆಸಿ, ಆಟೋ ಹಿಡಿದು, ತಮ್ಮ ಆಸ್ಪತ್ರೆಗೇ ಕರೆದುಕೊಂಡು ಹೋದಳು. ಎರಡು ದಿನ ಕಾದು ನೋಡಿ, ಮೂರನೆಯ ದಿನ ಕಿರುಬೆರಳು ತೆಗೆದುಹಾಕಿದರು. ಆರು ತಿಂಗಳು ಮುಂಚೆ ಸಕ್ಕರೆಗೆ ಮಾತ್ರೆ ಶುರು ಮಾಡಿದ್ದರೆ ಇಷ್ಟಕ್ಕೆ ಬರುತ್ತಿರಲಿಲ್ಲ ಅಂದ ಸರ್ಜನ್, ಇವಳಿಗೆ ಏನು ಗೊತ್ತಿದೆ ಅನ್ನುವುದು ತಿಳಿಯದೆ.

ಆಪರೇಷನ್ ಮುಗಿದ ಬೆಳಿಗ್ಗೆ ಅವಳು ರಿಜಿಸ್ಟರು ಹಿಡಿದು ಮೇಡಂ ಕೋಣೆಗೆ ಹೋದಳು. ಗೋಡೆಯ ಮೇಲೆ ಅಧ್ಯಯನದ ಗ್ರಾಫು ಅಂಟಿಸಿದ್ದರು. ಹತ್ತಾರು ಗೆರೆಗಳು ಹಾಳೆಯ ಬುಡದಲ್ಲೇ ಹರಿದಾಡುತ್ತಿದ್ದವು. ಒಂದು ಗೆರೆ ಮಾತ್ರ ಎಲ್ಲವನ್ನೂ ಬಿಟ್ಟು ಏರುತ್ತಾ ಹೋಗಿತ್ತು. ಅದರ ತುದಿಯಲ್ಲಿ ಹದಿನೇಳು ಅಂತ ಮೇಡಂ ಕೈಬರಹದಲ್ಲೇ ಬರೆದಿತ್ತು.

"ಮೇಡಂ, ಹದಿನೇಳಕ್ಕೆ ಹೇಳಿದ್ರಾ?"

"ಹೇಳಿದ್ದೀನಿ ಅಂದ್ನಲ್ಲಮ್ಮ."

"ಅವನು ನಮ್ಮಣ್ಣ."

ಮೇಡಂ ಬೆಚ್ಚಿಬೀಳಲಿಲ್ಲ. ಹೌದಾ ಅನ್ನಲಿಲ್ಲ. ಕೈಯಲ್ಲಿದ್ದ ಕಾಗದಗಳನ್ನು ಮೇಜಿಗೆ ಕುಟ್ಟಿ ಅಂಚು ಸರಿಮಾಡಿದರು, ಅಷ್ಟೇ. ಪಟ್ಟಿ ಅವರ ಹತ್ತಿರವೇ ಇತ್ತಲ್ಲ. ಕೆಂಪು ಸುತ್ತು ಹಿಡಿದುಕೊಂಡು ತಾನು ಎದುರಿಗೆ ನಿಂತ ನಾಲ್ಕೂ ಸಲ, ಆ ರಕ್ತ ತನ್ನ ಒಡಹುಟ್ಟಿದವನದು ಅನ್ನುವುದು ಈ ಹೆಂಗಸಿಗೆ ಗೊತ್ತಿತ್ತು. ಅದು ಅವಳಿಗೆ ಈಗ ಅರಿವಿಗೆ ಬಂತು.

"ಕೂತ್ಕೋ" ಅಂದರು ಮೇಡಂ.

"ನಿಂತೇ ಇರ್ತೀನಿ."

"ಹೇಳಿದ್ರೆ ಅವರು ಸಕ್ಕರೆ ಮಾತ್ರೆ ಶುರು ಮಾಡ್ತಾರೆ. ಶುರು ಮಾಡಿದ್ರೆ ಅಧ್ಯಯನದಿಂದ ಹೊರಗೆ ಹೋಗ್ಬೇಕು, ಅದು ನಿಯಮ. ಆಗಲೇ ಇಪ್ಪತ್ತು ಜನ ಬಿಟ್ಟುಹೋಗಿದ್ರು. ನಲವತ್ತಕ್ಕಿಂತ ಕಡಿಮೆಯಾದ್ರೆ ಒಂದೂವರೆ ವರ್ಷದ ಕೆಲಸ ನೀರುಪಾಲು." ಅವರ ದನಿ ಪಾಠ ಹೇಳುವಾಗಿನ ಹಾಗೇ ಇತ್ತು. "ಇನ್ನು ನಾಲ್ಕೇ ತಿಂಗಳು ಉಳಿದಿತ್ತು. ಮುಗಿದ ದಿನ ನಾನೇ ಕರೆದು ಹೇಳೋಳಿದ್ದೆ. ಚರ್ಮದ ಡಾಕ್ಟರುಗಳು ಸಕ್ಕರೆ ನೋಡೋದೇ ಇಲ್ಲ ಕಣಮ್ಮ. ನೋಡಲೇಬೇಕು ಅಂತ ಸಾಧಿಸಿ ತೋರಿಸೋಕೇ ಇಷ್ಟೆಲ್ಲ. ಮುಂದೆ ಎಷ್ಟು ಜನಕ್ಕೆ ಉಪಕಾರ ಆಗತ್ತೆ ಯೋಚನೆ ಮಾಡು."

"ನೀವು ನೋಡಿದ್ರಲ್ಲ ಮೇಡಂ. ನೋಡಿ, ಇಟ್ಕೊಂಡ್ರಿ."

ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು.

"ನಾನು ಪ್ರತಿ ಸಲ ಬಂದು ಕೇಳಿದಾಗ ಹೇಳಿದ್ದೀನಿ ಅಂದ್ರಿ."

"ನಿನ್ನ ಮನಸ್ಸಿಗೆ ನೆಮ್ಮದಿ ಇರ್ಲಿ ಅಂತ." ಆಮೇಲೆ ಇನ್ನೂ ಮೆಲ್ಲಗೆ, "ನಿನ್ನನ್ನ ಕೊಳವೆ ತೊಳೆಯೋ ಕೆಲಸದಿಂದ ಎತ್ತಿ ತಂದವಳು ನಾನು" ಅಂದರು.

"ಅದನ್ನ ಮರೆತಿಲ್ಲ ಮೇಡಂ. ಮರೆತಿದ್ರೆ ನಾನೇ ಆ ರೋಗಿನ ಹುಡುಕ್ಕೊಂಡು ಹೋಗ್ತಿದ್ದೆ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ರಿಜಿಸ್ಟರು ಬಿಚ್ಚಿದಳು. ಕೆಂಪು ಸುತ್ತು ಬರೀ ಹದಿನೇಳಕ್ಕಿರಲಿಲ್ಲ. ನಾಲ್ಕು, ಇಪ್ಪತ್ತೆರಡು, ಮೂವತ್ತೆಂಟು, ಐವತ್ತೊಂದು. ಪ್ರತಿಯೊಂದರ ಮುಂದೆಯೂ ಅದೇ ಸಣ್ಣ ಸಹಿ. ಅವರೆಲ್ಲ ಯಾರೋ, ಯಾವ ಅಂಗಡಿಯಲ್ಲಿ, ಯಾವ ಅಡುಗೆಮನೆಯಲ್ಲಿ ಬಾಟಲಿಗಟ್ಟಲೆ ನೀರು ಕುಡಿಯುತ್ತಾ ಕೂತಿದ್ದಾರೋ.

ದೂರು ಬರೆದು ಕೊಡುವ ಮುಂಚೆ ಅಣ್ಣನಿಗೆ ಹೇಳಬೇಕಿತ್ತು. ವಾರ್ಡಿನಲ್ಲಿ ಅವನು ದಿಂಬಿಗೆ ಒರಗಿ, ಬ್ಯಾಂಡೇಜು ಸುತ್ತಿದ ಕಾಲನ್ನು ಚಾಚಿಕೊಂಡಿದ್ದ. ಅತ್ತಿಗೆ ಫ್ಲಾಸ್ಕು ತೊಳೆಯಲು ಹೋಗಿದ್ದಳು. ಲ್ಯಾಬಕ್ಕ ಒಂದನ್ನೂ ಬಿಡದೆ ಹೇಳಿದಳು, ಮೊದಲ ಕೆಂಪು ಸುತ್ತಿನಿಂದ ಹಿಡಿದು ಮೇಡಂ ಆಡಿದ ಕೊನೆಯ ಮಾತಿನ ತನಕ.

ಅಣ್ಣ ಬ್ಯಾಂಡೇಜಿನ ಮೇಲೆ ಹೊದಿಕೆ ಎಳೆದುಕೊಂಡ.

"ಅಂದ್ರೆ ನೀನು ನೋಡಿದ್ದೆ."

"ನೀನು ಅಂತ ಗೊತ್ತಿರ್ಲಿಲ್ಲ ಅಣ್ಣ."

"ಯಾರೋ ಒಬ್ಬ ಅಂತ ಗೊತ್ತಿತ್ತಲ್ಲ."

ಬಾಯಿ ಕಟ್ಟಿಲ್ಲ ಅಂತ ಅವತ್ತು ಲ್ಯಾಬಿನಲ್ಲಿ ನಕ್ಕದ್ದು ನೆನಪಾಯಿತು. ಅದೊಂದನ್ನು ಮಾತ್ರ ಅವಳಿಗೆ ಹೇಳಲಾಗಲಿಲ್ಲ.

"ಆ ಡಾಕ್ಟರಮ್ಮ ಯಾರೋ" ಅಂದ ಅಣ್ಣ. "ಅವರು ಮಾಡಿದ್ದು ಅವರಿಗೆ. ನೀನಿದ್ದೀಯ ಅನ್ನೋ ಧೈರ್ಯದ ಮೇಲೆ ನಾನು ಒಂದು ದಿನವೂ ಯಾರನ್ನೂ ಏನೂ ಕೇಳಲಿಲ್ಲ ಕಣೇ. ಬಾಯಾರಿಕೆ ಆದ್ರೂ ಕೇಳಲಿಲ್ಲ, ಕಣ್ಣು ಮಂಜಾದ್ರೂ ಕೇಳಲಿಲ್ಲ." ಅಷ್ಟು ಹೇಳಿ ಗೋಡೆ ಕಡೆ ಮುಖ ತಿರುಗಿಸಿದ. ಅತ್ತಿಗೆ ಫ್ಲಾಸ್ಕು ಹಿಡಿದು ಬಂದವಳು ಇಬ್ಬರ ಮುಖವನ್ನೂ ನೋಡಿ, ಸ್ಟೂಲು ಎಳೆದುಕೊಂಡು ನಡುವೆ ಕೂತಳು.

ಲ್ಯಾಬಕ್ಕ ದೂರು ಬರೆದಳು. ಆಸ್ಪತ್ರೆಯ ದೊಡ್ಡ ಸಾಹೇಬರು ಅದನ್ನು ಎರಡು ಸಲ ಓದಿ, "ಇದನ್ನ ಬಾಯಲ್ಲೇ ಹೇಳಿದ್ರೆ ಸಾಕಾಗಿತ್ತಲ್ಲಮ್ಮ, ಹಾಳೆಗೆ ಯಾಕೆ ತಂದೆ" ಅಂದರು. "ಬಾಯಲ್ಲಿ ಹೇಳಿದ್ದಕ್ಕೆ ಏನಾಯ್ತು ಅಂತ ರಿಜಿಸ್ಟರಿನಲ್ಲಿದೆ ಸಾರ್" ಅಂದಳು. ಅವರು ಪಟ್ಟಿ ತರಿಸಿದರು. ವಾರದೊಳಗೆ ಉಳಿದ ನಾಲ್ವರಲ್ಲಿ ಮೂವರಿಗೆ ಸುದ್ದಿ ಮುಟ್ಟಿತು. ಐವತ್ತೊಂದನೇ ನಂಬರಿನ ಹೆಂಗಸು ಮನೆ ಬದಲಾಯಿಸಿದ್ದಳು. ಫೋನು ಯಾರೋ ಬೇರೆಯವರು ಎತ್ತಿದರು. ಅವಳು ಸಿಗಲೇ ಇಲ್ಲ.

ವಿಚಾರಣೆ ನಡೆಯಿತು. ಮೇಡಂ ಯಾವುದನ್ನೂ ಅಲ್ಲಗಳೆಯಲಿಲ್ಲ. ಅಧ್ಯಯನ ನಿಂತಿತು, ಗ್ರಾಫು ಗೋಡೆಯಿಂದ ಇಳಿಯಿತು, ಅವರು ಉದ್ದನೆಯ ರಜೆ ಹಾಕಿ ಹೋದರು. ಹೋಗುವ ದಿನ ಲ್ಯಾಬಿನ ಬಾಗಿಲಲ್ಲಿ ಒಂದು ಗಳಿಗೆ ನಿಂತಿದ್ದರಂತೆ. ಲ್ಯಾಬಕ್ಕ ಒಳಗೆ ಯಂತ್ರಕ್ಕೆ ಕೊಳವೆ ಜೋಡಿಸುತ್ತಿದ್ದಳು, ತಿರುಗಿ ನೋಡಲಿಲ್ಲ. ಬಂದಿದ್ದರು ಅಂತ ಜೊತೆಯವಳು ಆಮೇಲೆ ಹೇಳಿದಳು. ಆಸ್ಪತ್ರೆಯಲ್ಲಿ ಕೆಲವರು ಅವಳ ಜೊತೆ ಮಾತು ಕಡಿಮೆ ಮಾಡಿದರು. ಕ್ಯಾಂಟೀನಿನಲ್ಲಿ ಅವಳು ತಟ್ಟೆ ಹಿಡಿದು ಬಂದರೆ ಬೆಂಚಿನಲ್ಲಿ ಜಾಗ ತಾನಾಗಿಯೇ ಅಗಲವಾಗುತ್ತಿತ್ತು. ಸಾಕಿದವರಿಗೇ ಹೀಗೆ ಮಾಡಿದಳಲ್ಲ ಅನ್ನುವ ಮಾತು ಬೆನ್ನ ಹಿಂದೆ ಕೇಳುತ್ತಿತ್ತು. ಅದಕ್ಕೆ ಅವಳಿಗೆ ಸಿಟ್ಟು ಬರಲಿಲ್ಲ. ಕೆಲವು ಬೆಳಿಗ್ಗೆ ಸೂಕ್ಷ್ಮದರ್ಶಕದ ಮುಂದೆ ಕೂತಾಗ, "ಅವಸರ ಬೇಡ, ಮೊದಲು ಬೆಳಕು ಸರಿ ಮಾಡ್ಕೋ" ಅನ್ನುವ ದನಿ ಕಿವಿಯಲ್ಲೇ ಇರುತ್ತಿತ್ತು. ಆಗ ಮಾತ್ರ ಸಂಕಟವಾಗುತ್ತಿತ್ತು. ಕಲಿಸಿದ ದನಿಯೂ ಸುಳ್ಳು ಹೇಳಿದ ದನಿಯೂ ಒಂದೇ ಆಗಿತ್ತಲ್ಲ, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಎಲ್ಲಿ ಬಿಸಾಡುವುದು.

ಅಣ್ಣ ಮೂರು ತಿಂಗಳು ಅವಳೊಡನೆ ಮಾತಾಡಲಿಲ್ಲ. ಸಕ್ಕರೆ ಹತೋಟಿಗೆ ಬಂತು, ಗಾಯ ಒಣಗಿತು, ಕಣ್ಣು ತನ್ನ ಹಳೆಯ ನಂಬರಿಗೇ ಮರಳಿತು ಅಂತ ಅತ್ತಿಗೆಯಿಂದ ತಿಳಿಯುತ್ತಿತ್ತು. ಬೆರಳಿನ ಹುರುಪೆಯೂ ಸ್ವಲ್ಪ ತೆಳುವಾಗಿದೆಯಂತೆ. ಒಳಗಿನ ಉರಿ ತಗ್ಗಿದರೆ ಹೊರಗಿನದೂ ಕೆಲವರಲ್ಲಿ ತಗ್ಗುತ್ತದೆ. ಅದನ್ನು ಅವಳಿಗೆ ಹೇಳಿಕೊಟ್ಟವರು ಯಾರು ಅನ್ನುವುದನ್ನು ಅವಳು ಅತ್ತಿಗೆಗೆ ಹೇಳಲಿಲ್ಲ.

ನಾಲ್ಕನೆಯ ತಿಂಗಳು, ಒಂದು ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ, ಅಣ್ಣ ಅವಳ ಮನೆಗೆ ಬಂದ. ತುಸು ಕುಂಟುತ್ತಿದ್ದ. ಒಳಗೆ ಬಂದು ಕುರ್ಚಿಯಲ್ಲಿ ಕೂತ, ನೀರು ಕೊಟ್ಟರೆ ಅರ್ಧ ಲೋಟ ಕುಡಿದ. ಆಮೇಲೆ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಬೇರೆ ಯಾವುದೋ ಲ್ಯಾಬಿನ ರಿಪೋರ್ಟು. ಮೇಲೆ ನಂಬರಿರಲಿಲ್ಲ, ಅವನ ಪೂರ್ತಿ ಹೆಸರಿತ್ತು.

"ಓದು" ಅಂದ. "ಒಂದೊಂದಾಗಿ. ಇದು ಏನು, ಎಷ್ಟಿರಬೇಕು, ಎಷ್ಟಿದೆ. ಒಂದನ್ನೂ ಬಿಡಬೇಡ."

ಅವಳು ಕನ್ನಡಕ ಹಾಕಿಕೊಂಡು ಓದಿದಳು. ಖಾಲಿ ಹೊಟ್ಟೆಯ ಸಕ್ಕರೆ. ಮೂರು ತಿಂಗಳ ಸಕ್ಕರೆಯ ಸರಾಸರಿ. ಕೊಬ್ಬುಗಳು, ಒಳ್ಳೆಯದು, ಕೆಟ್ಟದ್ದು. ಯೂರಿಕ್ ಆಸಿಡ್ ಸ್ವಲ್ಪ ಮೇಲಿದೆ, ಕೀಲುನೋವು ಬಂದರೆ ಕಡೆಗಣಿಸಬೇಡ. ಉರಿಯೂತದ್ದು ಮೊದಲಿಗಿಂತ ಅರ್ಧಕ್ಕಿಳಿದಿದೆ, ಆದರೆ ಇನ್ನೂ ಸರಿಯಾದ ಗೆರೆಯೊಳಗೆ ಬಂದಿಲ್ಲ. ಅಣ್ಣ ನಡುನಡುವೆ ನಿಲ್ಲಿಸಿ ಕೇಳಿದ, ಅವಳು ಹೇಳಿದಳು. ಗೊತ್ತಿಲ್ಲದ ಒಂದಕ್ಕೆ ಗೊತ್ತಿಲ್ಲ ಅಂದಳು.

ಮುಗಿದ ಮೇಲೆ ಅವನು ಕಾಗದ ಮಡಿಸಿ ಮತ್ತೆ ಜೇಬಿಗೆ ಹಾಕಿಕೊಂಡ.

"ಇನ್ನೊಬ್ಬರ ಹತ್ರನೂ ಓದಿಸ್ತೀನಿ" ಅಂದ. "ಬೇಜಾರು ಮಾಡ್ಕೋಬೇಡ."

"ಓದ್ಸು" ಅಂದಳು ಅವಳು. "ಊಟ ಮಾಡ್ಕೊಂಡು ಹೋಗ್ತೀಯಾ?"

ಅಣ್ಣ ಗಡಿಯಾರ ನೋಡಿದ. ಅಂಗಡಿ ತೆಗೆಯಬೇಕು, ಇನ್ನೊಂದು ದಿನ ಬರ್ತೀನಿ ಅಂದ. ಅವಳು ಬಾಗಿಲ ತನಕ ಹೋಗಿ, ಅವನು ಎಡಗಾಲನ್ನು ಪೂರ್ತಿ ಊರದೆ ಮೆಟ್ಟಿಲಿಳಿದು ರಸ್ತೆ ದಾಟುವುದನ್ನು ನೋಡುತ್ತಾ ನಿಂತಳು.